ಬಿಟ್ಟು ಹೋದದ್ದೋ, ಬಿಡಿಸಿದ್ದೋ? ಪಾಳು ಹೋಟೆಲಿನಿಂದ ನೆನಪಿಗೆಂದು ಏನಾದರೂ ತರುವ ಮೊದಲು

2020ರ ಮಾರ್ಚ್ ತಿಂಗಳು. ಲಾಕ್‌ಡೌನ್ ಇನ್ನೂ ಬಂದಿರಲಿಲ್ಲ. ಗಂಗಾವತಿಯಿಂದ ನಾವು ಮೂವರು ಗೆಳೆಯರು ಎರಡು ಬೈಕಿನಲ್ಲಿ ಹಂಪಿಯ ಎದುರಿನ ನಡುಗಡ್ಡೆ ವಿರುಪಾಪುರಗಡ್ಡಿಗೆ ಹೋಗಿದ್ದೆವು. ಅಷ್ಟೊತ್ತಿಗೆ ಅಲ್ಲಿನ ಗೆಸ್ಟ್‌ಹೌಸುಗಳನ್ನು ಕೆಡವುವ ಕೆಲಸವನ್ನು ಜೆಸಿಬಿಗಳು ಮುಗಿಸಿದ್ದವು. ಸಂಜೆಯಾದರೆ ಗಿಟಾರ್ ಸದ್ದು, ಕಾಫಿ ವಾಸನೆ, ನಾಲ್ಕಾರು ದೇಶದ ಮಾತು ತುಂಬಿಕೊಳ್ಳುತ್ತಿದ್ದ ರಸ್ತೆ ಅದು. ಅವತ್ತು ಎರಡೂ ಕಡೆ ಬರೀ ಇಟ್ಟಿಗೆ ಗುಡ್ಡೆ. ಮಡಚಿಕೊಂಡ ತಗಡು, ಒಡೆದ ಕಮೋಡು, ಯಾರೋ ಪ್ರೀತಿಯಿಂದ ಬರೆದಿದ್ದ ನವಿಲಿನ ಚಿತ್ರದ ಅರ್ಧ ಗೋಡೆ. ಹೀಬ್ರೂ ಅಕ್ಷರದಲ್ಲಿ ತಿಂಡಿ ಹೆಸರು ಬರೆದಿದ್ದ ಮೆನು ಹಾಳೆ ಗಾಳಿಗೆ ಹಾರಾಡುತ್ತಿತ್ತು. ಹೊಳೆಯ ಆಚೆ ದಂಡೆಯಲ್ಲಿ ವಿರೂಪಾಕ್ಷ ಗುಡಿಯ ಗೋಪುರ ಎಂದಿನಂತೆಯೇ ನಿಂತಿತ್ತು.

ಒಂದು ಗೆಸ್ಟ್‌ಹೌಸಿನ ಹಿಂದಿನ ಸಾಲಿನಲ್ಲಿ ಅರ್ಧ ಗೋಡೆ ಮಾತ್ರ ಉಳಿದಿತ್ತು. ಅದರಲ್ಲಿ ಒಂದು ಮೊಳೆ, ಮೊಳೆಗೆ ಒಂದು ಕೀಲಿಕೈ. ಕೀಲಿಕೈಗೆ ಅಂಗೈ ಅಗಲದ ದಪ್ಪ ಮರದ ಬಿಲ್ಲೆ. ಮೀನಿನ ಆಕಾರ, ನೀಲಿ ಬಣ್ಣ, ನಡುವೆ ಬಿಳಿ ಬಣ್ಣದಲ್ಲಿ 7. ನಾನು ಅತ್ತಿತ್ತ ನೋಡಿದೆ, ತೆಗೆದು ಜೇಬಿಗೆ ಹಾಕಿಕೊಂಡೆ. ಜೇಬು ಜೋತುಬೀಳುವಷ್ಟು ಭಾರ ಇತ್ತು ಅದು. ಕೀಲಿಕೈ ಎಲ್ಲೋ ಕಳೆದುಹೋಯಿತು. ಬಿಲ್ಲೆ ಮಾತ್ರ ಐದು ವರ್ಷ ನನ್ನ ಬೈಕಿನ ಕೀಗೆ ನೇತಾಡುತ್ತಿತ್ತು. ಯಾರಾದರೂ ಕೇಳಿದರೆ ಹೆಮ್ಮೆಯಿಂದಲೇ ಹೇಳುತ್ತಿದ್ದೆ, ಗಡ್ಡಿಯ ನೆನಪು ಅಂತ.

ಈಗ ಈ ವಿಷಯ ಯಾಕೆ ತೆಗೆದೆ ಅಂದರೆ, ಅವತ್ತು ನಾನು ಮಾಡಿದ್ದನ್ನು ಈಗ ತುಂಬಾ ಜನ ಮಾಡುತ್ತಿದ್ದಾರೆ. ಮುಚ್ಚಿದ ಲಾಡ್ಜು, ನಿಂತುಹೋದ ರೆಸಾರ್ಟು ಹುಡುಕಿಕೊಂಡು ಹೋಗಿ ರೀಲ್ಸ್ ಮಾಡುವುದು ಒಂದು ಹವ್ಯಾಸವೇ ಆಗಿದೆ. ವಿಡಿಯೊದ ಕೊನೆಗೆ ಕೈಯಲ್ಲಿ ಏನಾದರೂ ಒಂದು ಸಾಮಾನು ಇರುತ್ತದೆ. ರೂಮ್ ನಂಬರಿನ ಹಿತ್ತಾಳೆ ತಗಡು, ಹಳೆ ಕರೆಗಂಟೆ, ಹೋಟೆಲ್ ಹೆಸರು ಅಚ್ಚಾದ ಪಿಂಗಾಣಿ ಬಟ್ಟಲು. (ನಮ್ಮ ಕಡೆ ಹೋಟೆಲ್ ಅಂದರೆ ಮೊದಲು ನೆನಪಾಗುವುದು ಇಡ್ಲಿ, ಒಗ್ಗರಣೆ, ಮಿರ್ಚಿ. ಇಲ್ಲಿ ನಾನು ಲಾಡ್ಜು, ಗೆಸ್ಟ್‌ಹೌಸು, ರೆಸಾರ್ಟು ಎಲ್ಲ ಸೇರಿಸಿ ಹೇಳುತ್ತಿದ್ದೇನೆ.) ಕೆಲವರು ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ, ಕೆಲವರು ಹಳೇ ವಸ್ತು ಅಂತ ಆನ್‌ಲೈನಿನಲ್ಲಿ ಮಾರುತ್ತಾರೆ. ಕೇಳಿದರೆ ಒಂದೇ ಉತ್ತರ. ಪಾಳು ಬಿದ್ದಿತ್ತು, ಯಾರದೂ ಅಲ್ಲ, ನಾನು ತರದಿದ್ದರೆ ಹಾಳಾಗಿ ಹೋಗುತ್ತಿತ್ತು.

ಈ ಉತ್ತರದಲ್ಲಿ ಮೂರು ಮಾತಿವೆ. ನಾನೂ ಐದು ವರ್ಷ ಮೂರನ್ನೂ ಹೇಳಿಕೊಂಡವನೇ. ಒಂದೊಂದಾಗಿ ನೋಡೋಣ.

ಮೊದಲನೆಯದು, ಪಾಳು ಬಿದ್ದಿತ್ತು ಅನ್ನುವ ಮಾತು. ನಾವು ಮನೆ ಬಿತ್ತು, ಮಳೆ ಬಿತ್ತು, ಹಣ್ಣು ಬಿತ್ತು ಅಂತ ಹೇಳುವ ಹಾಗೆಯೇ ಪಾಳು ಬಿತ್ತು ಅನ್ನುತ್ತೇವೆ. ಯಾರೂ ಬೀಳಿಸಲಿಲ್ಲ, ತಾನಾಗಿ ಬಿತ್ತು ಅನ್ನುವ ಹಾಗೆ. ಹೋಟೆಲು ತಾನಾಗಿ ಪಾಳು ಬೀಳುವುದು ಬಹಳ ಕಡಿಮೆ. ಅದರ ಹಿಂದೆ ಒಂದು ಆದೇಶ ಇರುತ್ತದೆ, ಒಂದು ಸಾಲ ಇರುತ್ತದೆ, ಇಲ್ಲವೇ ಅಣ್ಣತಮ್ಮಂದಿರ ಜಗಳ ಇರುತ್ತದೆ.

ಗಡ್ಡಿಯದನ್ನೇ ತೆಗೆದುಕೊಳ್ಳಿ. ತುಂಗಭದ್ರೆಯ ನಡುವೆ ಇರುವ ಈ ಜಾಗ ಕೊಪ್ಪಳ ಜಿಲ್ಲೆ, ಗಂಗಾವತಿ ತಾಲ್ಲೂಕಿಗೆ ಸೇರಿದ್ದು. ಹಂಪಿ 1986ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. 1988ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ 1961ರ ಸ್ಮಾರಕಗಳ ಕಾಯ್ದೆಯಡಿ ಗಡ್ಡಿಯನ್ನೂ ಸೇರಿಸಿ ಹಲವು ಊರುಗಳನ್ನು ಸಂರಕ್ಷಿತ ಪ್ರದೇಶ ಎಂದು ಘೋಷಿಸಿತು. ಕಾಗದದಲ್ಲಿ ಆದದ್ದು ಇದು. ನೆಲದ ಮೇಲೆ ಆದದ್ದು ಬೇರೆ. ಭತ್ತದ ಗದ್ದೆ ಇದ್ದವರು ಅಂಚಿನಲ್ಲಿ ನಾಲ್ಕು ಗುಡಿಸಲು ಹಾಕಿ ಬಾಡಿಗೆಗೆ ಕೊಟ್ಟರು, ಕೆಲವರು ಹೊರಗಿನವರಿಗೆ ಲೀಸಿಗೆ ಕೊಟ್ಟರು, ವಿದೇಶಿಯರು ತಿಂಗಳುಗಟ್ಟಲೆ ಇರತೊಡಗಿದರು, ಗುಡಿಸಲು ಹೋಗಿ ಸಿಮೆಂಟಿನ ಕೋಣೆ ಬಂತು. ಸುತ್ತಲಿನ ಊರಿನ ಎಷ್ಟೋ ಹುಡುಗರಿಗೆ, ಹೆಣ್ಣುಮಕ್ಕಳಿಗೆ ಅಲ್ಲೇ ಕೆಲಸ. 2002ರಲ್ಲಿ ಹಂಪಿ ಪ್ರಾಧಿಕಾರಕ್ಕೆ ಕಾನೂನು ಬಂತು. ತೆರವಿನ ನೋಟಿಸು, ಕೋರ್ಟು, ಮತ್ತೆ ಕೋರ್ಟು. 2015ರ ಏಪ್ರಿಲಿನಲ್ಲಿ ಹೈಕೋರ್ಟ್ ಈ ಕಟ್ಟಡಗಳು ಕಾನೂನುಬಾಹಿರ ಅಂದಿತು. 2020ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದು ಒಂದು ತಿಂಗಳೊಳಗೆ ತೆರವು ಮಾಡಿ ಅಂತ ಹೇಳಿತು.

ಕೋರ್ಟ್ ಮಾಡಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಸ್ಮಾರಕದ ಮಗ್ಗುಲಲ್ಲಿ ಅಷ್ಟು ಕಟ್ಟಡ ಬೇಕಿರಲಿಲ್ಲ ಅನ್ನುವುದೇ ನನ್ನ ಅಭಿಪ್ರಾಯ. ಆದರೆ ಕಟ್ಟಡ ಅಕ್ರಮ ಆಯಿತು ಅಂದ ಮಾತ್ರಕ್ಕೆ ಒಳಗಿನ ಫ್ಯಾನು, ಮಂಚ, ಪಾತ್ರೆ, ಕೀಲಿಕೈ ಯಾರದೂ ಅಲ್ಲದ್ದಾಗುವುದಿಲ್ಲ. ಜಾಗದ್ದು ಒಂದು ಲೆಕ್ಕ, ಸಾಮಾನಿನದು ಇನ್ನೊಂದು ಲೆಕ್ಕ. ಅವತ್ತು ನನ್ನ ತಲೆಯಲ್ಲಿ ಎರಡೂ ಒಂದೇ ಆಗಿಬಿಟ್ಟಿದ್ದವು.

ಬಳ್ಳಾರಿ ಕಡೆ ಇನ್ನೊಂದು ತರಹದ ಪಾಳು ಇದೆ. ಗಣಿ ದುಡ್ಡು ಹರಿಯುತ್ತಿದ್ದ ಕಾಲದಲ್ಲಿ ಬಳ್ಳಾರಿ, ಸಂಡೂರು, ಹೊಸಪೇಟೆ (ಆಗ ಎಲ್ಲವೂ ಬಳ್ಳಾರಿ ಜಿಲ್ಲೆಯೇ) ರಸ್ತೆಗಳಲ್ಲಿ ಲಾಡ್ಜುಗಳು ಎದ್ದವು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಲಾರಿ ನಿಂತವು, ಗಿರಾಕಿ ನಿಂತರು. ಸಾಲ ಮಾಡಿ ಕಟ್ಟಿದವರು ಬಡ್ಡಿ ಕಟ್ಟಲಾಗದೆ ಬಾಗಿಲು ಹಾಕಿದರು. ಹೊರಗಿನಿಂದ ನೋಡಿದರೆ ಅವೂ ಪಾಳೇ. ಗಾಜು ಒಡೆದಿರುತ್ತದೆ, ಬೋರ್ಡಿನ ಅಕ್ಷರ ಉದುರಿರುತ್ತದೆ, ಅಂಗಳದಲ್ಲಿ ಬಳ್ಳಾರಿಜಾಲಿ ಬೆಳೆದಿರುತ್ತದೆ. ಹಾಗಂತ ಬಿಟ್ಟು ಹೋಗಿದ್ದಾರೆ ಅಂತ ಅರ್ಥ ಅಲ್ಲ. ಕಾಯುತ್ತಿದ್ದಾರೆ ಅಂತ ಅರ್ಥ.

ಇದು ಎರಡನೇ ಮಾತಿಗೆ ತರುತ್ತದೆ. ಯಾರದೂ ಅಲ್ಲ ಅನ್ನುವುದು.

ಬ್ಯಾಂಕಿನ ಸಾಲ ಇದ್ದರೆ 2002ರ ಸರ್ಫೇಸಿ ಕಾಯ್ದೆ ಪ್ರಕಾರ ಬ್ಯಾಂಕಿನವರು ಕಟ್ಟಡ ಸ್ವಾಧೀನಕ್ಕೆ ತೆಗೆದುಕೊಂಡು ಬಾಗಿಲಿಗೆ ನೋಟಿಸು ಅಂಟಿಸುತ್ತಾರೆ, ಪೇಪರಿನಲ್ಲಿ ಹಾಕಿಸುತ್ತಾರೆ. ಅಡವಿಟ್ಟ ಸಾಮಾನುಗಳನ್ನು ವಶಕ್ಕೆ ಪಡೆಯುವಾಗ ಇಬ್ಬರು ಸಾಕ್ಷಿಗಳ ಎದುರು ಪಂಚನಾಮೆ ಮಾಡಿ ಪಟ್ಟಿ ಬರೆಯುತ್ತಾರೆ. ಅಂದರೆ ನೀವು ಸುಮ್ನೆ ಎತ್ತಿಕೊಂಡ ಹಿತ್ತಾಳೆ ದೀಪ ಯಾವುದೋ ಫೈಲಿನಲ್ಲಿ ಒಂದು ಸಾಲಾಗಿ ಇರಬಹುದು. ಪಾಲಿನ ಜಗಳ ಕೋರ್ಟಿನಲ್ಲಿದ್ದರೆ ಎಲ್ಲ ಪಾಲುದಾರರಿಗೂ ಅದರಲ್ಲಿ ಹಕ್ಕು. ಕೊನೆಗೆ ವಾರಸುದಾರರೇ ಇಲ್ಲ ಅಂತಾದರೂ ಅದು ಮೊದಲು ಕಂಡವರ ಪಾಲಾಗುವುದಿಲ್ಲ. ವಾರಸುದಾರರಿಲ್ಲದ ಆಸ್ತಿ ಸರ್ಕಾರಕ್ಕೆ ಸೇರುತ್ತದೆ ಅಂತ ಸಂವಿಧಾನದ 296ನೇ ವಿಧಿಯೇ ಹೇಳುತ್ತದೆ. ಹಾಳೂರಿಗೆ ಉಳಿದವನೇ ಗೌಡ ಅನ್ನುವ ಗಾದೆ ಇದೆ, ಆದರೆ ಆ ಗೌಡಿಕೆ ಕಾನೂನಿನಲ್ಲಿ ಇಲ್ಲ.

ಕ್ರಿಮಿನಲ್ ಕಾನೂನಿನ ವಿಷಯವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ರೀಲ್ಸ್ ಮಾಡುವ ಹುಡುಗರಿಗೆ ಇದು ಗೊತ್ತಿಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಬೀಗ ಹಾಕಿದ ಕಟ್ಟಡ ಇನ್ನೂ ಮಾಲೀಕರ ಸ್ವಾಧೀನದಲ್ಲೇ ಇರುತ್ತದೆ, ಅದರೊಳಗಿನಿಂದ ಕೇಳದೆ ತೆಗೆದರೆ 303ನೇ ಕಲಮಿನ ಪ್ರಕಾರ ಕಳವು. ಯಾರ ಸ್ವಾಧೀನದಲ್ಲೂ ಇಲ್ಲದೆ ಬಿದ್ದಿದ್ದ ವಸ್ತುವಾದರೆ 314ನೇ ಕಲಮು ನೋಡಬೇಕು. ಸಿಕ್ಕಿದ್ದನ್ನು ಮಾಲೀಕರಿಗೆ ಮುಟ್ಟಿಸಲೆಂದು ಎತ್ತಿಟ್ಟುಕೊಂಡರೆ ತಪ್ಪಿಲ್ಲ. ಮಾಲೀಕರು ಯಾರು ಅಂತ ಗೊತ್ತಿದ್ದೂ, ಇಲ್ಲವೇ ವಿಚಾರಿಸಿದರೆ ಗೊತ್ತಾಗುವಂತಿದ್ದೂ ನಮ್ಮದು ಮಾಡಿಕೊಂಡರೆ ಅಪರಾಧ. ಹೋಟೆಲಿನ ವಿಷಯದಲ್ಲಿ ಮಾಲೀಕರು ಗೊತ್ತಾಗುವುದು ಕಷ್ಟವೇ ಅಲ್ಲ. ಎದುರಿನ ಚಹಾ ಅಂಗಡಿಯಲ್ಲಿ ಕೇಳಿದರೆ ಸಾಕು. ತೆಗೆಯುವ ಉದ್ದೇಶದಿಂದಲೇ ಒಳಗೆ ಹೊಕ್ಕರೆ ಅತಿಕ್ರಮ ಪ್ರವೇಶವೂ ಸೇರುತ್ತದೆ.

ಇದೇ 303ನೇ ಕಲಮಿನಲ್ಲಿ ನನಗೆ ಹಿಡಿಸಿದ ಒಂದು ಮಾತಿದೆ. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಮೊದಲ ಸಲ ತಪ್ಪಿತಸ್ಥ ಎಂದು ತೀರ್ಪಾದವರು ಆ ವಸ್ತುವನ್ನೋ ಅದರ ಬೆಲೆಯನ್ನೋ ವಾಪಸು ಕೊಟ್ಟರೆ, ಜೈಲಿನ ಬದಲು ಸಮುದಾಯ ಸೇವೆಯ ಶಿಕ್ಷೆ. ಸಣ್ಣ ಸಾಮಾನಿನ ವಿಷಯದಲ್ಲಿ ವಾಪಸು ಕೊಡುವುದಕ್ಕೆ ಕಾನೂನು ಅಷ್ಟು ಬೆಲೆ ಕೊಟ್ಟಿದೆ.

ಆದರೆ ಪೊಲೀಸರು ಹಿಡಿಯುತ್ತಾರೋ ಇಲ್ಲವೋ ಅನ್ನುವುದಲ್ಲ ನನ್ನ ಚಿಂತೆ. ಯಾರೂ ಹಿಡಿಯುವುದಿಲ್ಲ, ನನ್ನನ್ನೂ ಹಿಡಿಯಲಿಲ್ಲ.

ಕಳೆದ ವರ್ಷ ಒಂದು ದಿನ ಅಂಜನಾದ್ರಿ ಹತ್ತಿರ ಚಹಾ ಕುಡಿಯಲು ನಿಂತಿದ್ದೆ. ಬೈಕಿನ ಕೀ ಟೇಬಲ್ ಮೇಲೆ ಇಟ್ಟಿದ್ದೆ. ಅಂಗಡಿ ನಡೆಸುವ ಅಕ್ಕ ಲೋಟ ಇಡಲು ಬಂದವರು ಅಲ್ಲೇ ನಿಂತರು. ಲೋಟ ಇಟ್ಟು ಬಿಲ್ಲೆ ಎತ್ತಿಕೊಂಡರು. ಹೆಬ್ಬೆರಳಿನಿಂದ 7ರ ಮೇಲೆ ಸವರಿದರು. ಬಣ್ಣ ಅರ್ಧ ಹೋಗಿತ್ತು.

"ಇದು ನಮ್ಮ ಏಳನೇ ರೂಮಿಂದು ಅಲ್ಲೇನು ತಮ್ಮಾ?"

ನಾನು ಹೌದ್ರಿ ಅಕ್ಕಾರ ಅಂದೆ. ಬೇರೆ ಏನು ಹೇಳಬೇಕು ಗೊತ್ತಾಗಲಿಲ್ಲ. ಅವರು ಒಂಬತ್ತು ವರ್ಷ ಆ ಗೆಸ್ಟ್‌ಹೌಸಿನಲ್ಲಿ ರೂಮು ಗುಡಿಸಿ, ಚಾದರ ಒಗೆದು ಕೆಲಸ ಮಾಡಿದವರು. ಬಿಲ್ಲೆಗಳಿಗೆ ಬಣ್ಣ ಹಚ್ಚಿದ್ದೂ ಅವರೇ ಅಂತೆ. "ಮೊದಲು ಸಣ್ಣ ಪ್ಲಾಸ್ಟಿಕ್ ಬಿಲ್ಲಿ ಇದ್ವು. ಗಿರಾಕಿ ಮರ್ತು ಕಿಸೆದಾಗ ಹಾಕ್ಕೊಂಡು ಹೋಗಿಬಿಡೋರು. ಒಂದು ಕೀಲಿಕೈ ಕಳದ್ರ ನನ್ನ ಪಗಾರದಾಗ ನೂರೈವತ್ತು ರೂಪಾಯಿ ಹಿಡೀತಿದ್ರು. ಅದಕ್ಕ ನಾನಾ ಬಡಿಗ್ಯಾರಿಗೆ ಹೇಳಿ ಇಷ್ಟು ದಪ್ಪ ಮಾಡಿಸಿದ್ದೆ, ಕಿಸೆದಾಗ ಹಿಡಿಸಬಾರ್ದು ಅಂತ."

ಕಿಸೆಯಲ್ಲಿ ಹಿಡಿಸಬಾರದು ಅಂತಲೇ ಮಾಡಿಸಿದ್ದನ್ನು ನಾನು ಕಿಸೆಯಲ್ಲಿ ಹಾಕಿಕೊಂಡು ಬಂದಿದ್ದೆ. ಐದು ವರ್ಷ ಅದನ್ನು ಗಡ್ಡಿಯ ನೆನಪು ಅಂತ ಊರಿಗೆಲ್ಲ ತೋರಿಸಿದೆ. ಅದು ಯಾರ ನೆನಪು ಅಂತ ಒಂದು ಸಲವೂ ಯೋಚಿಸಿರಲಿಲ್ಲ. ನಾನು ಗಡ್ಡಿಯಲ್ಲಿ ಒಂದು ರಾತ್ರಿಯೂ ತಂಗಿದವನಲ್ಲ.

ನೆನಪಿನ ವಸ್ತು ಅನ್ನುವ ಮಾತನ್ನೇ ಸ್ವಲ್ಪ ನೋಡಿ. ಅಲ್ಲಿ ಉಳಿದವರಿಗೆ, ಕೆಲಸ ಮಾಡಿದವರಿಗೆ, ಕಟ್ಟಿದವರಿಗೆ ನೆನಪಿರುತ್ತದೆ. ಬೀಗ ಬಿದ್ದ ಮೇಲೆ ಹೋದವರಿಗೆ ಇರುವುದು ಕುತೂಹಲ. ಕುತೂಹಲ ತಪ್ಪಲ್ಲ, ನನಗೂ ಪಾಳು ಕಟ್ಟಡ ಕಂಡರೆ ಒಳಗೆ ಇಣುಕಬೇಕು ಅನ್ನಿಸುತ್ತದೆ. ಆದರೆ ಬೇರೆಯವರ ನೆನಪನ್ನು ಎತ್ತಿಕೊಂಡು ಬಂದು ನನ್ನದು ಅಂತ ಗೋಡೆಗೆ ತೂಗುಹಾಕಲು ಕುತೂಹಲ ಒಂದೇ ಸಾಲುವುದಿಲ್ಲ.

ಹೊರದೇಶದಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಸೈಪ್ರಸ್ ದ್ವೀಪದ ವರೋಶಾ. ಫಾಮಗುಸ್ತಾ ಊರಿನ ಸಮುದ್ರ ದಂಡೆಯ ಬಡಾವಣೆ, ಸಾಲಾಗಿ ದೊಡ್ಡ ದೊಡ್ಡ ಹೋಟೆಲುಗಳು. 1974ರ ಆಗಸ್ಟಿನಲ್ಲಿ ಟರ್ಕಿ ಸೈನ್ಯ ಬರುತ್ತಿದೆ ಅಂತ ಜನ ಉಟ್ಟ ಬಟ್ಟೆಯಲ್ಲಿ ಓಡಿದರು. ನಾಲ್ಕು ದಿನ ಬಿಟ್ಟು ವಾಪಸು ಬರುತ್ತೇವೆ ಅಂದುಕೊಂಡಿದ್ದವರೇ ಜಾಸ್ತಿ. ಸೈನ್ಯ ಬೇಲಿ ಹಾಕಿತು, ಒಳಗಿನ ಸಾಮಾನೆಲ್ಲ ಲೂಟಿ ಆಯಿತು. ಅಲ್ಲಿನ ಮೂಲ ನಿವಾಸಿಗಳನ್ನು ಬಿಟ್ಟು ಬೇರೆಯವರು ನೆಲೆಸುವುದನ್ನು ಒಪ್ಪುವುದಿಲ್ಲ ಅಂತ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1984ರ 550ನೇ ನಿರ್ಣಯದಲ್ಲಿ ಹೇಳಿತು. ವರೋಶಾದಲ್ಲಿ ಮನೆ, ಜಾಗ ಬಿಟ್ಟು ಬಂದ ಮಹಿಳೆಯೊಬ್ಬರ ಆಸ್ತಿ ಹಕ್ಕು ಉಲ್ಲಂಘನೆ ಆಗಿದೆ ಅಂತ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2005ರಲ್ಲಿ ತೀರ್ಪು ಕೊಟ್ಟಿತು. ಮೂವತ್ತೊಂದು ವರ್ಷ ಆದ ಮೇಲೂ ಅದು ಅವರದೇ. 2020ರ ಅಕ್ಟೋಬರಿನಲ್ಲಿ ಒಂದು ಭಾಗ ತೆರೆದ ಮೇಲೆ ಪ್ರವಾಸಿಗರು ಅಲ್ಲಿ ಸೈಕಲ್ ಹೊಡೆಯುತ್ತಾ ಫೋಟೊ ತೆಗೆಯುತ್ತಾರೆ. ಅವರಿಗೆ ಅದು ಖಾಲಿ ಊರು. ಬೇಲಿಯ ಆಚೆ ಇರುವವರಿಗೆ ಅದು ಮನೆ.

ನಮ್ಮ ಗಡ್ಡಿಗೂ ವರೋಶಾಕ್ಕೂ ಹೋಲಿಕೆ ಸರಿಯಲ್ಲ ಅಂತ ಕೆಲವರು ಹೇಳಬಹುದು. ಒಂದು ಯುದ್ಧ, ಇನ್ನೊಂದು ಅಕ್ರಮ ಕಟ್ಟಡ. ಒಪ್ಪುತ್ತೇನೆ. ನಾನು ಹೋಲಿಸುತ್ತಿರುವುದು ಒಂದೇ ವಿಷಯ. ಎರಡೂ ಕಡೆ ಜನ ಬಿಟ್ಟು ಹೋದದ್ದಲ್ಲ, ಬಿಡಿಸಿದ್ದು. ಬಿಟ್ಟು ಹೋದವರು ಯೋಚಿಸಿ, ಬೇಕಾದ್ದು ತೆಗೆದುಕೊಂಡು, ಬೇಡದ್ದು ಉಳಿಸಿ ಹೋಗುತ್ತಾರೆ. ಬಿಡಿಸಿಕೊಂಡವರಿಗೆ ಆ ಸಮಯ ಇರುವುದಿಲ್ಲ. ಅವರು ಉಳಿಸಿ ಹೋದದ್ದೆಲ್ಲ ಬೇಡವಾದದ್ದು ಅಂತ ನಾವು ಅಂದುಕೊಳ್ಳುತ್ತೇವೆ.

ಈಗ ಮೂರನೇ ಮಾತು. ನಾನು ತರದಿದ್ದರೆ ಹಾಳಾಗುತ್ತಿತ್ತು. ಮೂರರಲ್ಲಿ ಇದೊಂದಕ್ಕೆ ತೂಕ ಇದೆ. ನಾಳೆ ಜೆಸಿಬಿ ಬರುತ್ತದೆ ಅಂತ ಗೊತ್ತಿದ್ದಾಗ, ಮಾಲೀಕರಿಗೂ ಬೇಡವಾಗಿದ್ದಾಗ, ಒಂದು ಕೈಬರಹದ ಬೋರ್ಡನ್ನು ಮಣ್ಣಾಗಲು ಬಿಡುವುದಕ್ಕಿಂತ ಎತ್ತಿಡುವುದೇ ಮೇಲು. ಅಮೆರಿಕದ ಲಾಸ್ ವೇಗಾಸಿನಲ್ಲಿ ನಿಯಾನ್ ಮ್ಯೂಸಿಯಂ ಅಂತ ಇದೆ. ಕೆಡವಿದ ಹೋಟೆಲು, ಕ್ಯಾಸಿನೊಗಳ ದೀಪದ ಬೋರ್ಡುಗಳನ್ನು ತಂದು ಅಂಗಳದಲ್ಲಿ ಇಟ್ಟಿದ್ದಾರೆ, ಯಾವುದು ಯಾವ ಹೋಟೆಲಿನದು ಅಂತ ಹೇಳುತ್ತಾರೆ. ಅದೇ ಊರಿನಲ್ಲಿ ದೊಡ್ಡ ಹೋಟೆಲ್ ಮುಚ್ಚಿದಾಗ ಬಾಗಿಲು ತೆರೆದು ಮಂಚ, ದೀಪ, ಕನ್ನಡಿ ಎಲ್ಲವನ್ನೂ ಸಾರ್ವಜನಿಕರಿಗೆ ಮಾರುವ ಪದ್ಧತಿಯೂ ಇದೆ. ಮದುವೆಯಾದ ರಾತ್ರಿ ತಂಗಿದ್ದ ರೂಮಿನ ನಂಬರ್ ತಗಡನ್ನು ಯಾರಾದರೂ ದುಡ್ಡು ಕೊಟ್ಟು ಕೊಂಡುಕೊಂಡರೆ ಅದು ನಿಜವಾದ ನೆನಪಿನ ವಸ್ತು.

ಉಳಿಸಲು ತರುವವರು ಮಾಲೀಕರನ್ನು ಕೇಳುತ್ತಾರೆ, ಎಲ್ಲಿಂದ ತಂದೆ ಅಂತ ಬರೆದಿಡುತ್ತಾರೆ, ಕೇಳಿದವರಿಗೆ ತೋರಿಸುತ್ತಾರೆ, ವಾಪಸು ಕೇಳಿದರೆ ಕೊಡುತ್ತಾರೆ. ನಾನು ಈ ನಾಲ್ಕರಲ್ಲಿ ಒಂದನ್ನೂ ಮಾಡಿರಲಿಲ್ಲ. ಕೀಲಿಕೈ ಕಳೆದದ್ದು ಯಾವಾಗ ಅಂತಲೂ ಗೊತ್ತಿಲ್ಲ. ಉಳಿಸಿದೆ ಅಂತ ಹೇಗೆ ಹೇಳಲಿ? ಉರಿಯುವ ಮನೆಯಿಂದ ಗಳ ಹಿರಿದವರೂ ಗಳ ಉಳಿಸಿದೆ ಅಂತಲೇ ಹೇಳಬಹುದು.

ಗುಜರಿಯವರ ವಿಷಯ ಬೇರೆ. ಅವತ್ತು ಗಡ್ಡಿಯಲ್ಲಿ ನಮ್ಮ ಜೊತೆಗೇ ಇಬ್ಬರು ಹೆಣ್ಣುಮಕ್ಕಳು ಗೋಣಿಚೀಲ ಹಿಡಿದು ಸಿಮೆಂಟು ಒಡೆದು ಕಬ್ಬಿಣದ ಸರಳು ಬಿಡಿಸುತ್ತಿದ್ದರು. ಕಾನೂನಿನ ಕಣ್ಣಿಗೆ ಅವರೂ ನಾನೂ ಒಂದೇ ಇರಬಹುದು. ನನ್ನ ಕಣ್ಣಿಗೆ ಒಂದೇ ಅಲ್ಲ. ಅವರು ಆ ಸರಳು ಮಾರಿ ಸಂಜೆಗೆ ಅಕ್ಕಿ ತಂದಿರುತ್ತಾರೆ. ನಾನು ಬಿಲ್ಲೆ ತಂದದ್ದು ಫೋಟೊ ಹಾಕಲು. ಪಾಳು ಕಟ್ಟಡದ ಕಳವು ಅಂದ ಕೂಡಲೇ ಮೊದಲು ಗುಜರಿಯವರ ಕಡೆ ಬೆರಳು ತೋರಿಸುವುದು ನಮಗೆ ರೂಢಿಯಾಗಿದೆ, ಅದು ನಿಲ್ಲಬೇಕು.

ಇನ್ನು ಕೆಲವು ಸಾಮಾನುಗಳನ್ನು ಉಳಿಸುವ ಹೆಸರಿನಲ್ಲಿಯೂ ಮುಟ್ಟಬಾರದು. ಮೊದಲನೆಯದು ರಿಜಿಸ್ಟರು. ಲಾಡ್ಜಿನ ಕೌಂಟರಿನಲ್ಲಿ ದಪ್ಪ ರಿಜಿಸ್ಟರು ಇರುತ್ತದಲ್ಲ, ಹೆಸರು, ಊರು, ಫೋನು, ಎಲ್ಲಿಂದ ಬಂದಿರಿ, ಯಾಕೆ ಬಂದಿರಿ, ಜೊತೆಗೆ ಯಾರು. ಜೊತೆಗೆ ಆಧಾರ್ ಕಾರ್ಡಿನ ಝೆರಾಕ್ಸ್ ಕಟ್ಟು. ವಿದೇಶಿಯರು ತಂಗಿದರೆ ಅವರ ವಿವರವನ್ನು 24 ಗಂಟೆಯೊಳಗೆ ಅಧಿಕಾರಿಗಳಿಗೆ ಕಳಿಸಬೇಕು, ಅದಕ್ಕಾಗಿ ಪಾಸ್‌ಪೋರ್ಟ್, ವೀಸಾ ಪ್ರತಿಯನ್ನೂ ತೆಗೆದುಕೊಂಡಿರುತ್ತಾರೆ. ಇದೆಲ್ಲ ಮುಚ್ಚಿದ ಲಾಡ್ಜುಗಳ ಡ್ರಾಯರಿನಲ್ಲಿ ಹಾಗೇ ಬಿದ್ದಿರುತ್ತದೆ. ಹಳೇ ರಿಜಿಸ್ಟರ್ ಸಿಕ್ಕಿತು ಅಂತ ಪುಟ ತಿರುಗಿಸುವ ವಿಡಿಯೊಗಳನ್ನು ನಾನು ನೋಡಿದ್ದೇನೆ. ಹತ್ತು ವರ್ಷದ ಹಿಂದೆ ಯಾರು ಯಾರ ಜೊತೆ ಯಾವ ರೂಮಿನಲ್ಲಿ ಇದ್ದರು ಅನ್ನುವುದನ್ನು ಬಹಿರಂಗ ಮಾಡಿದರೆ ಒಂದು ಸಂಸಾರ ಒಡೆಯಬಹುದು, ಒಂದು ಹುಡುಗಿಯ ಜೀವಕ್ಕೇ ಕುತ್ತು ಬರಬಹುದು. ಆ ಗಿರಾಕಿಗಳು ಹೋಟೆಲನ್ನು ನಂಬಿ ಬರೆದದ್ದು ಅದು. ಹೋಟೆಲು ಮುಚ್ಚಿದರೂ ಆ ನಂಬಿಕೆ ಮುಚ್ಚಿಲ್ಲ. ಕಂಡರೆ ಫೋಟೊ ಕೂಡ ಬೇಡ, ಮಾಲೀಕರಿಗೆ ಹೇಳಿ ಸುಡಿಸಿ, ಇಲ್ಲವೇ ಠಾಣೆಗೆ ಹೇಳಿ.

ಎರಡನೆಯದು ನಮ್ಮ ಕಡೆಯದೇ ಸಮಸ್ಯೆ. ಹಂಪಿ, ಆನೆಗುಂದಿ ಸುತ್ತ ಯಾವ ಅಂಗಳದಲ್ಲಿ ಏನು ಕಲ್ಲು ಇರುತ್ತದೆ ಹೇಳಲಾಗದು. ಹೋಟೆಲಿನ ಮೆಟ್ಟಿಲಿನ ಹತ್ತಿರ ಬಿದ್ದ ಕಲ್ಲಿನಲ್ಲಿ ಕೆತ್ತನೆ ಇದ್ದರೆ ಅದು ಹೋಟೆಲಿನದೂ ಅಲ್ಲ, ನಿಮ್ಮದೂ ಅಲ್ಲ. ನೂರು ವರ್ಷ ದಾಟಿದ ಇಂಥ ವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಇದೆ. ಕೇಂದ್ರದ ಸಂರಕ್ಷಿತ ಸ್ಮಾರಕದಿಂದ ಶಿಲ್ಪ ತೆಗೆದರೆ, ಸ್ಮಾರಕ ಹಾಳು ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಂತ 2010ರ ತಿದ್ದುಪಡಿ ಹೇಳುತ್ತದೆ. 2019ರಲ್ಲಿ ಹಂಪಿಯಲ್ಲಿ ಕಂಬ ಬೀಳಿಸಿ ವಿಡಿಯೊ ಮಾಡಿದ ನಾಲ್ವರು ಯುವಕರ ಸುದ್ದಿ ನಿಮಗೆ ನೆನಪಿರಬಹುದು. ಕೋರ್ಟ್ ತಲಾ 70,000 ರೂಪಾಯಿ ದಂಡ ಹಾಕಿತು. ಅದರ ಜೊತೆಗೆ ಬಿದ್ದ ಕಂಬವನ್ನು ಅವರ ಕೈಯಿಂದಲೇ ಮತ್ತೆ ನಿಲ್ಲಿಸಿದರು. ನನಗೆ ದಂಡಕ್ಕಿಂತ ಆ ನಿಲ್ಲಿಸಿದ ಕೆಲಸವೇ ದೊಡ್ಡದು ಅನ್ನಿಸಿತು. ಪಾಳು ಹೋಟೆಲಿನ ಹಿಡಿಕೆ ಎತ್ತಿಕೊಂಡು ಅಭ್ಯಾಸವಾದ ಕೈಗೆ ಪಾಳು ಗುಡಿಯ ಕಲ್ಲು ದೂರದ್ದಲ್ಲ. ಎರಡೂ ಕಡೆ ನಾವು ಹೇಳುವ ಮಾತು ಒಂದೇ, ಹಾಗೇ ಬಿದ್ದಿತ್ತು.

ಪಾಳು ಕಟ್ಟಡದಲ್ಲಿ ಹಾವು ಇರುತ್ತದೆ, ಲಿಫ್ಟಿನ ಗುಂಡಿ ತೆರೆದಿರುತ್ತದೆ, ಸ್ಲ್ಯಾಬು ಕುಸಿಯುತ್ತದೆ. ಇದನ್ನು ಹೆಚ್ಚು ಹೇಳಬೇಕಿಲ್ಲ.

ಈಗಾಗಲೇ ತಂದು ಮನೆಯಲ್ಲಿ ಇಟ್ಟುಕೊಂಡವರು ಏನು ಮಾಡಬೇಕು? ಇಟಲಿಯ ಪಾಂಪೆಯಿಂದ 2005ರಲ್ಲಿ ಮೊಸಾಯಿಕ್ ಚೂರು, ಮಡಕೆ ಚೂರು ಎತ್ತಿಕೊಂಡು ಹೋಗಿದ್ದ ಕೆನಡಾದ ಮಹಿಳೆಯೊಬ್ಬರು 2020ರಲ್ಲಿ ಅವನ್ನು ಪತ್ರದ ಜೊತೆ ವಾಪಸು ಕಳಿಸಿದರು. ಅವುಗಳಿಂದ ತಮಗೆ ಕೇಡಾಯಿತು ಅಂತ ಅವರು ನಂಬಿದ್ದರು. ಕೇಡಿನ ಭಯ ಬೇಕಿಲ್ಲ, ವಾಪಸು ಕಳಿಸಲು ವಿಳಾಸ ಇದ್ದರೆ ಸಾಕು. ಹೋಟೆಲಿಗೆ ಆ ವಿಳಾಸವೇ ಇರುವುದಿಲ್ಲ, ಅದೇ ಕಷ್ಟ. ಆದರೂ ಹುಡುಕಿದರೆ ಜನ ಸಿಗುತ್ತಾರೆ. ಜಾಗದ ಮಾಲೀಕರು ಒಬ್ಬರು, ಲೀಸಿಗೆ ನಡೆಸಿದವರು ಇನ್ನೊಬ್ಬರು, ಕೆಲಸ ಮಾಡಿದವರು ಮತ್ತೊಬ್ಬರು. ಹೋಟೆಲ್ ಮುಚ್ಚುವವರಿಗೂ ನನ್ನದೊಂದು ಮನವಿ ಇದೆ. ಬಾಗಿಲಿಗೆ ಒಂದು ಫೋನ್ ನಂಬರ್ ಬರೆದಿಡಿ. ಸಾಧ್ಯವಾದರೆ ಒಂದು ಭಾನುವಾರ ಬಾಗಿಲು ತೆರೆದು ಹಳೇ ಗಿರಾಕಿಗಳನ್ನು, ಕೆಲಸದವರನ್ನು ಕರೆಯಿರಿ, ಬೇಕಾದ್ದು ಕೊಳ್ಳಲಿ, ಬೇಕಾದ್ದು ಒಯ್ಯಲಿ. ರಿಜಿಸ್ಟರ್ ಮೊದಲು ಸುಡಿ.

ನನ್ನ ಬಿಲ್ಲೆಯ ವಿಷಯ. ಅವತ್ತೇ ಕೀಯಿಂದ ಬಿಚ್ಚಿ ಅಕ್ಕನ ಮುಂದೆ ಇಟ್ಟೆ. ಬೇಡ ಅಂದರು. ನಾನು ಚಹಾದ ದುಡ್ಡಿನ ಜೊತೆ ಟೇಬಲ್ ಮೇಲೆ ಬಿಟ್ಟು ಬಂದೆ. ಮುಂದಿನ ವಾರ ಹೋದಾಗ ಅದಕ್ಕೆ ಹೊಸದಾಗಿ ನೀಲಿ ಬಣ್ಣ ಬಿದ್ದಿತ್ತು, ಅಂಗಡಿಯ ಬೀಗದ ಕೀಲಿಕೈಗೆ ಕಟ್ಟಿದ್ದರು. ಅವರಿಂದಲೇ ಗೆಸ್ಟ್‌ಹೌಸ್ ನಡೆಸುತ್ತಿದ್ದವರ ಫೋನ್ ನಂಬರ್ ಸಿಕ್ಕಿತು. ಈಗ ಬೇರೆ ಊರಿನಲ್ಲಿ ಇದ್ದಾರೆ. ಫೋನ್ ಮಾಡಿ ನಡೆದದ್ದು ಹೇಳಿ ತಪ್ಪಾಯಿತ್ರಿ ಅಂದೆ. ಅವರು ಬಿಲ್ಲೆಯ ಬಗ್ಗೆ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ತಮ್ಮಾ, ಅವತ್ತು ಅಲ್ಲಿ ಒಂದು ಪುಸ್ತಕ ಏನರ ನೋಡಿದ್ರೇನು?" ಅಂತ ಕೇಳಿದರು.

ಗಿರಾಕಿಗಳು ಹೋಗುವಾಗ ಎರಡು ಸಾಲು ಬರೆಯುತ್ತಿದ್ದ ಪುಸ್ತಕ ಅದು. ಹನ್ನೆರಡು ವರ್ಷದ್ದು. ಹೆಸರು, ಊರು, ಅಡುಗೆ ಚೆನ್ನಾಗಿತ್ತು ಅನ್ನುವ ಮಾತು, ಕೆಲವರು ಬರೆದ ಚಿತ್ರ. ತೆರವಿನ ದಿನ ಮಂಚ, ಗಾದಿ ಟ್ರ್ಯಾಕ್ಟರಿಗೆ ಹೇರುವಾಗ ಕೌಂಟರಿನ ಮೇಲೆ ಉಳಿಯಿತು. ಸಂಜೆ ವಾಪಸು ಬಂದು ನೋಡಿದರೆ ಕೌಂಟರ್ ಇತ್ತು, ಪುಸ್ತಕ ಇರಲಿಲ್ಲ. ಬೇರೆ ಏನೂ ಬೇಡ, ಅದೊಂದು ಸಿಕ್ಕರೆ ಸಾಕು ಅಂದರು.

ಕೆಂಪು ರೆಕ್ಸಿನ್ ಹೊದಿಕೆ, ಉದ್ದನೆಯ ಲೆಕ್ಕದ ಪುಸ್ತಕದ ಅಳತೆ, ಮೇಲಿನ ಮೂಲೆ ಇಲಿ ಕಡಿದಿದೆ, ಮೊದಲ ಪುಟದಲ್ಲಿ ಪೆನ್ಸಿಲಿನಿಂದ ಬರೆದ ಹರಗೋಲಿನ ಚಿತ್ರ. ಯಾರ ಮನೆಯಲ್ಲಾದರೂ ಇದ್ದರೆ ಅಂಜನಾದ್ರಿ ಹತ್ತಿರ ಆ ನೀಲಿ ಮೀನಿನ ಬಿಲ್ಲೆ ಇರುವ ಚಹಾ ಅಂಗಡಿಯಲ್ಲಿ ಕೊಟ್ಟುಬಿಡಿ. ಹೆಸರು ಹೇಳಬೇಕಿಲ್ಲ, ಎಲ್ಲಿಂದ ತಂದಿರಿ ಅಂತ ಅಕ್ಕ ಕೇಳುವುದಿಲ್ಲ.